ಒಳಗಿನಿಂದ ಹಾಕಿದ ಬೀಗ

ಮಾ ಯೊನ್‌ಸುಕ್ ದನಿ ಎತ್ತರಿಸಿ ಮಾತಾಡಿದ್ದನ್ನು ಸೋಲ್‌ಬಾತ್ ಆರೈಕೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ದೇಗು ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು. ಗಂಡ ಗಿಬೊಂಗೆ ರೈತರ ಸಹಕಾರ ಸಂಘದಲ್ಲಿ ವರ್ಗವಾದಾಗ ಅವನ ಜೊತೆ ಬೆಳ್ಳುಳ್ಳಿ ಹೊಲಗಳ ನಡುವಿನ ಈ ಸಣ್ಣ ಊರಿಗೆ ಬಂದಳು. ಬಂದ ಮರುವರ್ಷವೇ ಸೋಲ್‌ಬಾತ್‌ನಲ್ಲಿ ಕೆಲಸಕ್ಕೆ ಸೇರಿದಳು. ಹಳೆಯ ಡೈರೆಕ್ಟರು ಬಿಟ್ಟುಹೋದ ಮೇಲೆ ಆ ಕುರ್ಚಿ ತಾನಾಗಿಯೇ ಅವಳ ಪಾಲಿಗೆ ಬಂತು. ಇಪ್ಪತ್ತೊಂಬತ್ತು ಮಂದಿ ಮುದುಕ ಮುದುಕಿಯರು, ಇಪ್ಪತ್ತೆರಡು ಮಂದಿ ಕೆಲಸದವರು, ಎರಡು ಅಂತಸ್ತಿನ ಕಟ್ಟಡ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ. ಇಷ್ಟು ಅವಳ ರಾಜ್ಯ.

ಅಡುಗೆಯ ಬೊಂಗ್‌ಸುನ್ ಅವಳಿಗಿಂತ ಏಳು ವರ್ಷ ದೊಡ್ಡವಳು, ವಿಧವೆ, ಬಾಯಿ ಜೋರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಡೈರೆಕ್ಟರನ್ನು ಪರಿಚಯಿಸುತ್ತಿದ್ದ ರೀತಿಯೇ ಬೇರೆ. "ಈಯಮ್ಮ ಬಯ್ಯೋದು ಹೆಂಗೆ ಅಂದ್ರೆ, ಬಯ್ಸ್ಕೊಂಡೋರು ಥ್ಯಾಂಕ್ಸ್ ಹೇಳಿ ಮನೆಗೆ ಹೋಗಿ, ಮೂರು ದಿನ ಆದ್ಮೇಲೆ ಅನ್ನ ಉಣ್ತಾ ಕೂತಾಗ, ಅಯ್ಯೋ ನಂಗೆ ಬಯ್ದ್ರಲ್ಲಾ ಅಂತ ಗೊತ್ತಾಗ್ಬೇಕು."

ಯೊನ್‌ಸುಕ್ ಇದನ್ನು ಕೇಳಿಯೂ ಕೇಳದವಳಂತೆ ಇರುತ್ತಿದ್ದಳು. ಮಾತಿನಿಂದ ಜನರನ್ನು ಒಲಿಸಿಕೊಳ್ಳುವ ಶಕ್ತಿ ತನಗಿದೆ ಎಂದು ಅವಳಿಗೆ ಗೊತ್ತಿತ್ತು. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡು ಸಾವಿರದ ಇಪ್ಪತ್ತನೇ ಇಸವಿ ಫೆಬ್ರವರಿಯ ಕೊನೆಯಲ್ಲಿ ದೇಗುವಿನಲ್ಲಿ ರೋಗ ಹಬ್ಬಿತು. ಅವಳ ಹಳೆಯ ಗೆಳತಿಯರು ಆಸ್ಪತ್ರೆಯಿಂದ ಫೋನ್ ಮಾಡಿ, ಮಂಚ ಸಾಲುತ್ತಿಲ್ಲ, ಮುಖಕ್ಕೆ ಕಟ್ಟಿದ ಮಾಸ್ಕಿನಿಂದ ಮೂಗಿನ ಮೇಲೆ ಗಾಯವಾಗಿದೆ ಎಂದು ಹೇಳುತ್ತಿದ್ದರು. ಪಕ್ಕದ ಜಿಲ್ಲೆಯ ಒಂದು ಆರೈಕೆ ಮನೆಗೆ ಕೆಲಸದವರೊಬ್ಬರ ಮೂಲಕ ರೋಗ ಹೊಕ್ಕಿತು, ಹತ್ತು ದಿನದಲ್ಲಿ ಅಲ್ಲಿನ ಅರ್ಧ ಮಂದಿ ಮಲಗಿದರು ಎಂಬ ಸುದ್ದಿಯೂ ಬಂತು. ಯೊನ್‌ಸುಕ್ ಹೊರಗಿನವರ ಭೇಟಿ ನಿಲ್ಲಿಸಿದಳು. ಭಾನುವಾರಗಳಲ್ಲಿ ಬರುತ್ತಿದ್ದ ಮಕ್ಕಳು ಮೊಮ್ಮಕ್ಕಳು ರಸ್ತೆಯಲ್ಲೇ ನಿಂತು ಮಹಡಿಯ ಕಿಟಕಿಯತ್ತ ಕೈ ಬೀಸಿ ಹೋಗತೊಡಗಿದರು.

ಹಾಗೆ ಬರುತ್ತಿದ್ದವರಲ್ಲಿ ತಪ್ಪದವನು ತೇಸೊಕ್. ಅರವತ್ತರ ಹತ್ತಿರದ ಬೆಳ್ಳುಳ್ಳಿ ರೈತ, ಮಾತು ಕಡಿಮೆ. ತಾಯಿ ಓಕ್‌ಬುನ್ ಅಜ್ಜಿಗೆ ಎಂಬತ್ತೆಂಟು. ಮರೆವು ಕವಿದಿದ್ದರೂ ಅವಳಿಗೆ ಭಾನುವಾರ ಮಾತ್ರ ಹೇಗೋ ತಿಳಿಯುತ್ತಿತ್ತು. ಅವನು ತನ್ನ ಪುಟ್ಟ ಟ್ರಕ್ಕನ್ನು ರಸ್ತೆಯ ಆಚೆ ನಿಲ್ಲಿಸಿ, ಕಿಟಕಿಯಲ್ಲಿ ತಾಯಿಯ ಬಿಳಿ ತಲೆ ಕಾಣುವವರೆಗೂ ಕಾದು, ಒಂದು ಗಂಟೆ ಸುಮ್ಮನೆ ಕೂತಿದ್ದು ಹೋಗುತ್ತಿದ್ದ. ಬೇಯಿಸಿದ ಗೆಣಸಿನ ಚೀಲವನ್ನು ಗೇಟಿನ ಬಳಿ ಇಟ್ಟಿರುತ್ತಿದ್ದ.

ಮಾರ್ಚ್ ಮೊದಲ ವಾರದ ಗುರುವಾರ ಮಧ್ಯಾಹ್ನ ತಾಲ್ಲೂಕು ಕಚೇರಿಯಿಂದ ಫೋನ್ ಬಂತು. ಸೋಮವಾರ ಬೆಳಗ್ಗೆಯಿಂದ ಹದಿನಾಲ್ಕು ದಿನ ಪ್ರಾಂತ್ಯದ ಎಲ್ಲ ಆರೈಕೆ ಮನೆಗಳನ್ನೂ ಮುಚ್ಚಬೇಕು. ಒಳಗಿರುವ ಕೆಲಸದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಗೇಟು ದಾಟುವಂತಿಲ್ಲ. ಊಟ, ನಿದ್ದೆ, ಸ್ನಾನ ಎಲ್ಲ ಒಳಗೇ. ಯಾರನ್ನು ಉಳಿಸಿಕೊಳ್ಳುತ್ತೀರೋ ಅದು ನಿಮಗೆ ಬಿಟ್ಟಿದ್ದು ಎಂದು ಗುಮಾಸ್ತ ಹೇಳಿದ. ಅವನ ದನಿ ಅವತ್ತು ಅದೇ ಮಾತನ್ನು ಮೂವತ್ತು ಕಡೆ ಹೇಳಿ ದಣಿದವನ ದನಿ.

ಸಂಜೆಯ ಪಾಳಿ ಬದಲಾಗುವ ಹೊತ್ತಿಗೆ ಅವಳು ಎಲ್ಲರನ್ನೂ ಊಟದ ಕೋಣೆಗೆ ಕರೆದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕನಿಷ್ಠ ಹನ್ನೆರಡು ಜನ ಬೇಕು, ಯಾರ ಮೇಲೂ ಬಲವಂತವಿಲ್ಲ ಎಂದಳು. ಹಲವರ ಮನೆಯಲ್ಲಿ ಚಿಕ್ಕ ಮಕ್ಕಳು, ಶಾಲೆಗಳು ಬೇರೆ ಮುಚ್ಚಿದ್ದವು. ಕೊನೆಗೆ ಬೊಂಗ್‌ಸುನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು.

"ನನ್ ಮನೇಲಿ ನನ್ನ ದಾರಿ ಕಾಯೋದು ಒಂದು ನಾಯಿ. ಅದನ್ನ ಯಾರಾದ್ರೂ ನೋಡ್ಕೊಳ್ಳೋ ಹಂಗಿದ್ರೆ ನಾನು ಇರ್ತೀನಿ. ನಾನಿಲ್ದೆ ನೀವು ಮಾಡೋ ಗಂಜಿ ತಿಂದು ಈ ಮುದುಕ್ರು ರೋಗ ಬರೋಕ್ ಮುಂಚೆನೇ ಹೋಗ್ತಾರೆ."

ನಗು ಹರಡಿತು. ಕೈಗಳು ಒಂದೊಂದಾಗಿ ಮೇಲೆದ್ದವು. ಎಣಿಸಿದರೆ, ಯೊನ್‌ಸುಕ್ ತನ್ನನ್ನೂ ಸೇರಿಸಿಕೊಂಡು, ಹನ್ನೊಂದು. ಒಬ್ಬರು ಕಡಿಮೆ.

ಕೈ ಎತ್ತದವರಲ್ಲಿ ಜೊಂಗ್‌ರಾನ್ ಒಬ್ಬಳು. ಮೂವತ್ತಮೂರರ ಹೆಂಗಸು, ಆರೈಕೆ ಕೆಲಸದಲ್ಲಿ ಅವಳಷ್ಟು ಕೈಗುಣ ಇನ್ನಾರಿಗೂ ಇರಲಿಲ್ಲ. ಊಟ ಬೇಡವೆಂದು ಬಾಯಿ ಬಿಗಿದುಕೊಂಡ ಅಜ್ಜಿಯರೂ ಅವಳು ಚಮಚ ಹಿಡಿದರೆ ಬಾಯಿ ತೆರೆಯುತ್ತಿದ್ದರು. ಗಂಡ ದೂರದ ಉಲ್ಸಾನಿನಲ್ಲಿ ಕಾರ್ಖಾನೆ ಕೆಲಸ, ಮನೆಯಲ್ಲಿ ನಾಲ್ಕು ವರ್ಷದ ಮಗಳು ಮತ್ತು ಮಂಡಿ ನೋವಿನ ಅತ್ತೆ. ಯೊನ್‌ಸುಕ್ ಅವಳನ್ನು ತನ್ನ ಕೋಣೆಗೆ ಕರೆದು ಬಾರ್ಲಿ ಚಹಾ ಕೊಟ್ಟಳು. ನಾಲ್ಕು ವರ್ಷದಿಂದ 'ನೀವು' ಎನ್ನುತ್ತಿದ್ದವಳು ಅವತ್ತು ತಂಗಿಗೆ ಹೇಳುವ ಹಾಗೆ 'ನೀನು' ಎಂದಳು.

"ನಿನ್ನ ಕಷ್ಟ ನಂಗೆ ಗೊತ್ತಿಲ್ವಾ ಜೊಂಗ್‌ರಾನ್? ನೀನು ಬರಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ. ಮೇಲಿನ ಅಂತಸ್ತಿನ ಅಜ್ಜಿಯರಿಗೆ ಏನು ಹೇಳೋದು ಅಂತ ಮಾತ್ರ ಯೋಚ್ನೆ. ಅವರು ನಿನ್ನ ಕೈಯಲ್ಲಿ ಬಿಟ್ರೆ ಬೇರೆಯವರ ಕೈಯಲ್ಲಿ ತಿನ್ನಲ್ಲ."

ಜೊಂಗ್‌ರಾನ್ ತಲೆ ತಗ್ಗಿಸಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಆಮೇಲೆ, ಬರ್ತೀನಿ ಮೇಡಂ ಎಂದಳು. ಅವಳು ಎದ್ದು ಹೋದ ಮೇಲೆ ಯೊನ್‌ಸುಕ್‌ಗೆ ಗೆದ್ದ ಹಾಗೂ ಅನ್ನಿಸಿತು, ಎಲ್ಲೋ ಕೈಗೆ ಎಣ್ಣೆ ಜಿಡ್ಡು ಅಂಟಿದ ಹಾಗೂ ಅನ್ನಿಸಿತು.

ಸೋಮವಾರ ಬೆಳಗ್ಗೆ ಗಿಬೊಂ ಹೆಂಡತಿಯ ಬಟ್ಟೆಯ ಚೀಲ, ಹಾಸಿಗೆ ಸುರುಳಿ ತಂದು ಗೇಟಿನಲ್ಲಿ ಕೊಟ್ಟ. ಏನಾದರೂ ಹೇಳಬೇಕು ಎಂದುಕೊಂಡಿದ್ದನೇನೋ, ಸರಿ ಹಂಗಾದ್ರೆ ಎಂದಷ್ಟೇ ಹೇಳಿ ನಿಂತ. ಅವನ ಎದುರೇ ಅವಳು ಗೇಟಿಗೆ ಸರಪಳಿ ಸುತ್ತಿ, ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಕೋಟಿನ ಜೇಬಿಗೆ ಇಳಿಬಿಟ್ಟಳು. ಹೊರಗಿನ ಕಂಬಕ್ಕೆ ತಾಲ್ಲೂಕು ಕಚೇರಿಯವರು ಕೆಂಪು ಅಕ್ಷರದ ನೋಟೀಸು ಅಂಟಿಸಿ ಹೋದರು.

ಮೊದಲ ನಾಲ್ಕು ದಿನ ಹೇಗೋ ಸಾಗಿತು. ವ್ಯಾಯಾಮದ ಕೋಣೆಯಲ್ಲಿ ಹೆಂಗಸರು ಸಾಲಾಗಿ ಮಲಗುತ್ತಿದ್ದರು. ಒಬ್ಬರ ಗೊರಕೆಗೆ ಇನ್ನೊಬ್ಬರು ಎಚ್ಚರವಾಗಿರುತ್ತಿದ್ದರು. ಸ್ನಾನಕ್ಕೆ ಸರದಿ, ಫೋನ್ ಚಾರ್ಜಿಗೆ ಸರದಿ. ಬ್ಲೀಚಿನ ವಾಸನೆ ಕಿಮ್ಚಿ ಉಪ್ಪಿನಕಾಯಿಗೂ ಹತ್ತಿದೆ ಎಂದು ಬೊಂಗ್‌ಸುನ್ ದೂರುತ್ತಿದ್ದಳು. ಗೋಡೆಗಳು ದಿನಕ್ಕೊಂದು ಗೇಣಿನಷ್ಟು ಹತ್ತಿರ ಸರಿಯುತ್ತಿವೆ ಎಂದು ಯೊನ್‌ಸುಕ್‌ಗೆ ಅನ್ನಿಸುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಅವಳ ಕೈ ಜೇಬಿನೊಳಗಿನ ಕೀಲಿಯನ್ನು ಮುಟ್ಟಿ ನೋಡುತ್ತಿತ್ತು. ಬೀಗ ಹಾಕಿದವಳೂ ತಾನೇ, ಒಳಗಿರುವವಳೂ ತಾನೇ. ಮುದುಕರಲ್ಲಿ ಕೆಲವರಿಗೆ ಮಾಸ್ಕು ಹಾಕಿದ ಮುಖಗಳ ಗುರುತೇ ಸಿಗದೆ, ಯಾವುದೋ ಹಳೆಯ ಯುದ್ಧದ ದಿನಗಳು ಮರಳಿದವೆಂದು ಅಳುತ್ತಿದ್ದರು.

ಶುಕ್ರವಾರ, ಐದನೆಯ ದಿನ, ಬೆಳಗ್ಗೆ ಜ್ವರ ನೋಡುವಾಗ ನರ್ಸ್ ಸಂಗ್‌ಮಿ ಓಕ್‌ಬುನ್ ಅಜ್ಜಿಯ ಮಂಚದ ಬಳಿ ಎರಡು ಸಲ ನಿಂತಳು. ಮೂವತ್ತೆಂಟು ದಾಟಿತ್ತು, ಕೆಮ್ಮೂ ಇತ್ತು. ಸಂಗ್‌ಮಿ ಥರ್ಮಾಮೀಟರನ್ನು ಯೊನ್‌ಸುಕ್‌ಗೆ ತೋರಿಸಿದಳು.

ಆರೋಗ್ಯ ಕೇಂದ್ರದವರು ಬಂದರು. ಮೈತುಂಬ ಬಿಳಿ ದಿರಿಸು ತೊಟ್ಟ ಒಬ್ಬನೇ ಹಿಂಬಾಗಿಲಿನಿಂದ ಒಳಬಂದು, ಮೂಗಿನ ದ್ರವ ತೆಗೆದುಕೊಂಡು ಹೋದ. ಫಲಿತಾಂಶ ಮರುದಿನ ಮಧ್ಯಾಹ್ನದ ಮೇಲೆ, ದೇಗುವಿನ ಮಾದರಿಗಳ ಸಾಲು ಮುಂದಿದೆ ಎಂದ. ಆಸ್ಪತ್ರೆಯಲ್ಲಿ ಮಂಚವಿಲ್ಲ, ಇಲ್ಲೇ ಬೇರೆ ಇಡಿ ಎಂದ.

ಆಗ ಯೊನ್‌ಸುಕ್ ಮಾಡಿದ್ದನ್ನು ಅವಳು ಆಮೇಲೆ ಯಾರಿಗೂ ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಸಂಗ್‌ಮಿಗೆ ಬಾಯಿ ಬಿಡಬೇಡ ಎಂದಳು. ಅಜ್ಜಿಯನ್ನು ಕೆಳಗಿನ ಅಂತಸ್ತಿನ ಕೊನೆಯ ಕೋಣೆಗೆ ಸಾಗಿಸಿ, ಹೊಟ್ಟೆ ಕೆಟ್ಟಿದೆ ಎಂದು ಉಳಿದವರಿಗೆ ಹೇಳಿದಳು. ಫಲಿತಾಂಶ ಬರಲಿ, ಆಮೇಲೆ ಹೇಳಿದರಾಯಿತು. ಈಗಲೇ ಹೇಳಿದರೆ ಹೆದರುತ್ತಾರೆ, ಹೆದರಿದರೆ ಹೋಗುತ್ತಾರೆ, ಹೋದರೆ ಇಪ್ಪತ್ತೆಂಟು ಮಂದಿಯನ್ನು ಯಾರು ನೋಡುವುದು? ಲೆಕ್ಕ ಸರಿಯಾಗಿಯೇ ಇದೆ ಎಂದು ಅವಳಿಗೆ ಅನ್ನಿಸಿತು.

ಗುಟ್ಟು ಆರು ತಾಸೂ ನಿಲ್ಲಲಿಲ್ಲ. ಮಧ್ಯಾಹ್ನದ ಗಂಜಿಯ ತಟ್ಟೆ ಅಡುಗೆಮನೆಗೆ ವಾಪಸು ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿ ಕಟ್ಟಿ ಬಂತು. ಬೊಂಗ್‌ಸುನ್ ಅದನ್ನು ಮುಟ್ಟದೆ ನೋಡಿದಳು, ಒಲೆ ಆರಿಸಿದಳು, ನೆಟ್ಟಗೆ ಡೈರೆಕ್ಟರ ಕೋಣೆಗೆ ಬಂದಳು. ಹಿಂದೆ ನಾಲ್ಕೈದು ಮಂದಿ.

"ಹೊಟ್ಟೆ ಕೆಟ್ಟೋರ ತಟ್ಟೆನ ಚೀಲದಲ್ಲಿ ಕಟ್ತಾರಾ ಡೈರೆಕ್ಟರಮ್ಮ?"

ಯೊನ್‌ಸುಕ್ ನಿಜ ಹೇಳಿದಳು. ಹೇಳುವಾಗಲೂ ದನಿ ಮೆತ್ತಗೇ ಇತ್ತು. ನೀವು ಗಾಬರಿಯಾಗಬಾರದು ಅಂತ ಎಂದು ಶುರುಮಾಡಿದ್ದನ್ನು ಬೊಂಗ್‌ಸುನ್ ಅರ್ಧಕ್ಕೇ ತಡೆದಳು.

"ಗಾಬ್ರಿ ಬೇರೆ, ಮೋಸ ಬೇರೆ. ನಿಮ್ಮನ್ನ ನಂಬ್ಕೊಂಡು ಒಳಗೆ ಬಂದ್ವಿ. ಬೆಳಗ್ಗೆಯಿಂದ ಆ ತಟ್ಟೆ, ಆ ಚಮಚ ತೊಳ್ದಿರೋದು ಈ ಕೈ. ನಂಗೆ ಹೇಳ್ಬೇಕಿತ್ತಲ್ವಾ ನೀವು?"

ಎಲ್ಲರೂ ಚದುರಿದರು. ಸಂಜೆಯ ಹೊತ್ತಿಗೆ ಯಾರೋ ಬಂದು, ಜೊಂಗ್‌ರಾನ್ ಗೇಟಿನ ಹತ್ತಿರ ನಿಂತಿದ್ದಾಳೆ ಎಂದರು.

ಜೊಂಗ್‌ರಾನ್ ಚೀಲ ಹೆಗಲಿಗೆ ಹಾಕಿಕೊಂಡು, ಸರಪಳಿಯನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದಳು. ಸಂಜೆಯ ಬಿಸಿಲು ಬೆಳ್ಳುಳ್ಳಿ ಹೊಲದ ಪ್ಲಾಸ್ಟಿಕ್ ಹಾಳೆಗಳ ಮೇಲೆ ಹೊಳೆಯುತ್ತಿತ್ತು. ಅವಳು ಅಳುತ್ತಿರಲಿಲ್ಲ.

"ಕೀಲಿ ಕೊಡಿ ಮೇಡಂ."

ಯೊನ್‌ಸುಕ್ ಜೇಬಿನೊಳಗೆ ಕೀಲಿಯನ್ನು ಬಿಗಿಯಾಗಿ ಹಿಡಿದಳು. "ಬುಧವಾರ, ಗುರುವಾರ ಅಜ್ಜಿಗೆ ನೀನೇ ಊಟ ಮಾಡಿಸಿದ್ದೀಯ. ಈಗ ಮನೆಗೆ ಹೋಗಿ, ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ... ಮಗು ಇದೆ ಮನೇಲಿ."

"ನಂಗೂ ಗೊತ್ತು." ಜೊಂಗ್‌ರಾನ್ ಗೇಟಿನಾಚೆಗೇ ನೋಡುತ್ತ ಹೇಳಿದಳು. "ಒಳಗಿದ್ರೆ ಒಳಗೇ ಸಾಯ್ಬೇಕು, ಹೊರಗೆ ಹೋದ್ರೆ ಮಗೂನ ಸಾಯ್ಸ್ಬೇಕು. ಇದನ್ನ ಬೆಳಗ್ಗೆನೇ ನನ್ನ ಕೂರಿಸ್ಕೊಂಡು ಹೇಳಿದ್ರೆ ನಾನೇ ಇರ್ತೀನಿ ಅಂತಿದ್ದೆ. ಆವತ್ತು ಬಾ ಅಂತ ಕರೆಯೋವಾಗ ನೀನು ನೀನು ಅಂತ ಎಷ್ಟು ಚೆನ್ನಾಗಿ ಮಾತಾಡಿದ್ರಿ."

ಯೊನ್‌ಸುಕ್ ಕೀಲಿ ಕೊಡಲಿಲ್ಲ. ಜೊಂಗ್‌ರಾನ್ ಮತ್ತೆ ಕೇಳಲೂ ಇಲ್ಲ. ಆಮೇಲೆ ಜೊಂಗ್‌ರಾನ್ ಸರಪಳಿ ಬಿಟ್ಟು, ಅವಳ ಪಕ್ಕದಿಂದಲೇ ಅವಳನ್ನು ನೋಡದೆ ಕಟ್ಟಡದೊಳಕ್ಕೆ ಹೋದಳು. ಒಪ್ಪಿ ಹೋದದ್ದಲ್ಲ, ಹೋಗಲು ಬೇರೆ ಜಾಗವಿರಲಿಲ್ಲ.

ಓಕ್‌ಬುನ್ ಅಜ್ಜಿಯ ಜೊತೆ ಆ ಕೋಣೆಯಲ್ಲಿ ಒಬ್ಬರು ಇರಲೇಬೇಕಿತ್ತು. ಒಳಹೊಕ್ಕವರು ಫಲಿತಾಂಶ ಬರುವವರೆಗೆ ಹೊರಬರುವಂತಿರಲಿಲ್ಲ. ಸಂಗ್‌ಮಿಯನ್ನು ಕಳಿಸಿದರೆ ಉಳಿದವರ ಔಷಧಿ ಇಂಜೆಕ್ಷನ್ನು ನೋಡಲು ನರ್ಸ್ ಇರುವುದಿಲ್ಲ. ಇನ್ನೊಬ್ಬರಿಗೆ ಹೋಗಿ ಎನ್ನುವ ಬಾಯಿ ಯೊನ್‌ಸುಕ್‌ಗೆ ಉಳಿದಿರಲಿಲ್ಲ. ತಾನೇ ಹೋಗುತ್ತೇನೆಂದು ಹೇಳಿದಾಗ ಸಂಗ್‌ಮಿ ಗಾಬರಿಯಾದಳು. ನೀವು ಒಳಗೆ ಕೂತರೆ ಮನೆ ನಡೆಸುವವರು ಯಾರು ಎಂದಳು. ಫೋನಿದೆಯಲ್ಲ ಎಂದಳು ಯೊನ್‌ಸುಕ್.

ಹೋಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೀಲಿಯನ್ನು ಬೊಂಗ್‌ಸುನ್ ಮುಂದೆ ಚಾಚಿದಳು.

"ಇದು ನಿಮ್ಮ ಹತ್ರ ಇರ್ಲಿ ಅಕ್ಕ. ಯಾರಾದ್ರೂ ಹೋಗ್ಲೇಬೇಕು ಅಂದ್ರೆ ನೀವೇ ಮಾತಾಡಿ ತೀರ್ಮಾನ ಮಾಡಿ."

ಬೊಂಗ್‌ಸುನ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ, ಅಲ್ಲಿಡಿ ಎಂದು ಗಲ್ಲದಿಂದಲೇ ತೋರಿಸಿದಳು.

ಕೊನೆಯ ಕೋಣೆ ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಹಿತ್ತಲ ಕಡೆಗೆ ಒಂದು ಕಿಟಕಿ, ಅದರಾಚೆ ಬಟ್ಟೆಯ ತಂತಿ, ಕಾಂಪೌಂಡ್ ಗೋಡೆ. ಬಿಳಿ ದಿರಿಸಿನೊಳಗೆ ಬೆವರು ಬೆನ್ನಗುಂಟ ಇಳಿಯುತ್ತಿತ್ತು. ಕನ್ನಡಕ ಮಂಜಾಗುತ್ತಿತ್ತು. ಎರಡು ಪದರ ಕೈಗವಸಿನೊಳಗಿನಿಂದ ಫೋನಿನ ಗುಂಡಿ ಒತ್ತಲಾಗದೆ ಒಂದು ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತುತ್ತಿದ್ದಳು. ಶನಿವಾರ ಬೆಳಗ್ಗೆ ಎಂಟಕ್ಕೆ ಊಟದ ಕೋಣೆಯಲ್ಲಿ ಎಲ್ಲರೂ ಸೇರಿ, ಬೊಂಗ್‌ಸುನ್ ತನ್ನ ಫೋನಿನ ಸ್ಪೀಕರ್ ಹಾಕಿದಳು. ಯೊನ್‌ಸುಕ್ ಅಜ್ಜಿಯ ಜ್ವರ ಎಷ್ಟು, ಉಸಿರು ಹೇಗಿದೆ, ಆರೋಗ್ಯ ಕೇಂದ್ರ ಏನು ಹೇಳಿದೆ ಎಲ್ಲ ಹೇಳಿದಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ನಿನ್ನೆ ಮುಚ್ಚಿಟ್ಟದ್ದು ನನ್ನ ತಪ್ಪು ಎಂದಳು. ಆಚೆಯಿಂದ ಕುರ್ಚಿ ಸರಿದ ಸದ್ದು ಬಂತು.

ಹನ್ನೊಂದರ ಹೊತ್ತಿಗೆ ಅಜ್ಜಿಯ ಉಸಿರು ಬದಲಾಯಿತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿದ್ದವಳಿಗೆ ಆ ಉಸಿರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮ್ಲಜನಕ ಹೆಚ್ಚಿಸಿದಳು, ಆಸ್ಪತ್ರೆಗಳಿಗೆ ಮತ್ತೆ ಫೋನ್ ಮಾಡಿದಳು, ಫಲಿತಾಂಶವಿಲ್ಲದೆ ಒಳಗೆ ಸೇರಿಸಿಕೊಳ್ಳುವುದಿಲ್ಲ ಎಂದು ಎಲ್ಲ ಕಡೆಯೂ ಅದೇ ಮಾತು. ಆಮೇಲೆ ತೇಸೊಕ್‌ಗೆ ಫೋನ್ ಮಾಡಿದಳು.

ಅವನು ಇಪ್ಪತ್ತು ನಿಮಿಷದಲ್ಲಿ ಗೇಟಿನ ಮುಂದೆ ಇದ್ದ. ಹೊಲದಿಂದ ಹಾಗೇ ಎದ್ದು ಬಂದಿದ್ದ, ಬೂಟುಗಳ ತುಂಬ ಮಣ್ಣು. ಬೊಂಗ್‌ಸುನ್ ಗೇಟಿನ ಒಳಗೆ ನಿಂತು ಅವನ ಮಾತನ್ನು ಫೋನಿನಲ್ಲಿ ಯೊನ್‌ಸುಕ್‌ಗೆ ದಾಟಿಸಿದಳು. ಕಟ್ಟಡದ ಒಳಗೆ ಬರುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ, ಅಂಗಳ ದಾಟಿ ಹಿತ್ತಲಿಗೆ ಹೋಗಿ ಆ ಕಿಟಕಿಯ ಗಾಜಿನಾಚೆಯಿಂದ ತಾಯಿಯ ಮುಖ ನೋಡುತ್ತಾನಂತೆ. ಅಷ್ಟೇ ಅವನು ಕೇಳಿದ್ದು.

ಯೊನ್‌ಸುಕ್ ತಾಲ್ಲೂಕು ಕಚೇರಿಗೆ ಫೋನ್ ಮಾಡಿದಳು. ಅದೇ ಗುಮಾಸ್ತ. ನಾಲ್ಕು ಗಂಟೆಗೆ ಫಲಿತಾಂಶ ಬರುತ್ತದೆ, ಅಲ್ಲಿಯವರೆಗೆ ಗೇಟಿನ ಒಳಗೆ ಒಂದು ನರಪಿಳ್ಳೆಯೂ ಬರುವಂತಿಲ್ಲ ಎಂದ. ಅಜ್ಜಿ ನಾಲ್ಕರವರೆಗೆ ಇರುವುದಿಲ್ಲ ಎಂದಳು ಅವಳು. ನನ್ನ ಕೈಯಲ್ಲಿಲ್ಲ ಮೇಡಂ ಎಂದ ಗುಮಾಸ್ತ. ಅವಳಿಗೆ ಸಿಟ್ಟು ಬರಬೇಕಿತ್ತು. ನಿನ್ನೆ ಗೇಟಿನ ಬಳಿ ತಾನೂ ಸರಿಸುಮಾರು ಇದೇ ಸ್ಥಿತಿಯಲ್ಲಿ ನಿಂತಿದ್ದಳು, ಅದಕ್ಕೇ ಸಿಟ್ಟು ಬರಲಿಲ್ಲ.

ಬೊಂಗ್‌ಸುನ್ ಮತ್ತೆ ಫೋನಿಗೆ ಬಂದಳು. "ಡೈರೆಕ್ಟರಮ್ಮ, ಕೀಲಿ ನನ್ ಕೈಯಲ್ಲೈತೆ. ತೆಗೀಲಾ?"

ಕಿಟಕಿಯ ಆಚೆ ತಂತಿಯ ಮೇಲೆ ಹಾಸಿಗೆ ಬಟ್ಟೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಅವನು ಬಂದು ನಿಂತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಗಾಜು ಮುಚ್ಚಿದೆ. ಆದರೆ ಇವನನ್ನು ಬಿಟ್ಟರೆ ನಾಳೆ ಇನ್ನೊಬ್ಬರು ಬಂದು ಕೇಳುತ್ತಾರೆ. ನಿನ್ನೆ ಕೀಲಿ ಕೇಳಿದ ಜೊಂಗ್‌ರಾನ್ ನೋಡುತ್ತಿರುತ್ತಾಳೆ. ಮನೆಯೊಳಗೆ ರೋಗ ಹಬ್ಬಿದರೆ, ನಿಯಮ ಮುರಿದವಳು ಡೈರೆಕ್ಟರೇ ಎಂದು ಎಲ್ಲರೂ ಬೆರಳು ತೋರಿಸುತ್ತಾರೆ. ಯೋಚನೆಗಳು ಒಂದರ ಮೇಲೊಂದು ಬಂದವು. ಅವುಗಳಲ್ಲಿ ಯಾವುದು ಮನೆಯವರಿಗಾಗಿ, ಯಾವುದು ತನ್ನ ಕುರ್ಚಿಗಾಗಿ ಎಂದು ಬಿಡಿಸಿ ನೋಡಲು ಅವಳಿಗೆ ಸಮಯವಿರಲಿಲ್ಲ.

"ಬೇಡ ಅಕ್ಕ," ಎಂದಳು. "ಫೋನ್ ಅವರ ಕಿವಿಗೆ ಕೊಡಿ. ಇಲ್ಲಿ ನಾನು ಅಜ್ಜಿ ಕಿವಿಗೆ ಹಿಡೀತೀನಿ."

ಬೊಂಗ್‌ಸುನ್ ಗೇಟಿನ ಸರಳುಗಳ ನಡುವೆ ಫೋನ್ ದಾಟಿಸಿದಳು. ಟ್ರಕ್ಕೊಂದು ಹಾದುಹೋದ ಸದ್ದು ಕೇಳಿಸಿತು. ಆಮೇಲೆ ತೇಸೊಕ್ ಶುರುಮಾಡಿದ.

"ಅವ್ವಾ, ನಾನು. ಕಲ್ಲಹೊಲದ ಮೇಲಿನ ಹಾಳೆ ಎಲ್ಲಾ ತೆಗ್ದೆ. ಮೊಳಕೆ ಚೆನ್ನಾಗ್ ಬಂದೈತೆ. ಕೆಳಗಿನ್ ಪಟ್ಟೀಲಿ ಸ್ವಲ್ಪ ಹಳದಿ ಆಗೈತೆ, ನೀರು ನಿಂತಿತ್ತು, ಕಾಲುವೆ ಹೊಡ್ದು ಬಿಟ್ಟಿದೀನಿ. ಈ ಸಲ ದಪ್ಪ ಗೆಡ್ಡೆ ಬರ್ತದೆ ಕಣವ್ವ."

ಹೀಗೇ ಹೊಲದ ಸುದ್ದಿಯನ್ನೇ ಹೇಳಿದ, ಸಾಲು ಸಾಲಾಗಿ, ತಾಯಿಯ ಮುಂದೆ ದಿನವೂ ವರದಿ ಒಪ್ಪಿಸುತ್ತಿದ್ದವನ ಹಾಗೆ. ಮುಗಿದರೆ ಮತ್ತೆ ಮೊದಲಿನಿಂದ. ಎರಡು ಗಂಟೆ ನಲವತ್ತಕ್ಕೆ ಓಕ್‌ಬುನ್ ಅಜ್ಜಿಯ ಉಸಿರು ನಿಂತಿತು. ಯೊನ್‌ಸುಕ್ ತಕ್ಷಣ ಹೇಳಲಿಲ್ಲ. ಅವನು ಕೆಳಗಿನ ಪಟ್ಟಿಯ ಕಾಲುವೆಯ ಮಾತನ್ನು ಮುಗಿಸುವವರೆಗೆ ಕಾದಳು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆರೋಗ್ಯ ಕೇಂದ್ರದಿಂದ ಫೋನ್ ಬಂತು. ಅಜ್ಜಿಗೆ ಆ ರೋಗ ಇರಲಿಲ್ಲ. ವಯಸ್ಸಾದವರಿಗೆ ಬರುವ ಸಾಧಾರಣ ನ್ಯುಮೋನಿಯಾ.

ಅವಳು ಬಿಳಿ ದಿರಿಸು ಕಳಚಿ, ಕೋಣೆಯ ಬಾಗಿಲು ತೆರೆದು ಹೊರಬಂದಳು. ಹೊರಗೆ ಬಂದು ಹೋಗುವುದಾದರೂ ಎಲ್ಲಿಗೆ? ಇನ್ನೂ ಎಂಟು ದಿನವಿತ್ತು. ಅಜ್ಜಿಯನ್ನು ಕರೆದೊಯ್ಯುವ ಗಾಡಿ ಗೇಟಿನವರೆಗೆ ಬಂದಾಗ ಬೊಂಗ್‌ಸುನ್ ಬೀಗ ತೆಗೆದಳು, ಗಾಡಿ ಹೋದ ಕೂಡಲೇ ಮತ್ತೆ ಹಾಕಿದಳು. ತೇಸೊಕ್ ಟ್ರಕ್ಕಿನಲ್ಲಿ ಹಿಂದೆಯೇ ಹೋದ. ಅಂತ್ಯಕ್ರಿಯೆಗೆ ಯೊನ್‌ಸುಕ್ ಹೋಗುವಂತಿರಲಿಲ್ಲ. ಮರುದಿನ ಎಂಟು ಗಂಟೆಗೆ ಎಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಮಗನನ್ನು ಕಿಟಕಿಯವರೆಗೆ ಬಿಡಬಹುದಿತ್ತು, ನಾನು ಬಿಡಲಿಲ್ಲ ಎಂದೂ ಹೇಳಿದಳು.

"ಕೀಲಿ ನನ್ ಹತ್ರ ಇತ್ತು," ಎಂದಳು ಬೊಂಗ್‌ಸುನ್, ಕಿಟಕಿಯ ಕಡೆ ನೋಡುತ್ತ. "ಕೇಳದೇನೇ ತೆಗೀಬೋದಿತ್ತು. ನಾನೇ ಕೇಳ್ದೆ. ಬೇಡ ಅಂತ ಇನ್ಯಾರಾದ್ರೂ ಹೇಳ್ಲಿ ಅಂತ ಕೇಳ್ದೆ."

ಉಳಿದ ಎಂಟು ದಿನ ಆ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ, ಯಾರೂ ನಗಲೂ ಇಲ್ಲ. ಕೆಲಸ ಗಡಿಯಾರದಂತೆ ನಡೆಯಿತು. ಜೊಂಗ್‌ರಾನ್ ತನ್ನ ಪಾಲಿನದನ್ನೆಲ್ಲ ಮಾಡಿದಳು, ಮೇಲಿನ ಅಜ್ಜಿಯರು ಅವಳ ಕೈಯಿಂದ ತಿಂದರು. ಡೈರೆಕ್ಟರಿಗೆ ಹೇಳಬೇಕಾದದ್ದನ್ನು ಸಂಗ್‌ಮಿಯ ಮೂಲಕ ಹೇಳಿ ಕಳಿಸುತ್ತಿದ್ದಳು. ಮಾರ್ಚ್ ಇಪ್ಪತ್ತಮೂರರ ಬೆಳಗ್ಗೆ ಗೇಟು ತೆರೆಯಿತು. ಒಳಗೆ ಒಬ್ಬರಿಗೂ ಸೋಂಕಿರಲಿಲ್ಲ. ತಾಲ್ಲೂಕು ಕಚೇರಿಯಿಂದ ಒಂದು ಪ್ರಶಂಸಾಪತ್ರ ಬಂತು. ಯೊನ್‌ಸುಕ್ ಅದನ್ನು ಚೌಕಟ್ಟು ಹಾಕಿಸದೆ ಬೀರುವಿನಲ್ಲಿ ಹಳೆಯ ಕಾಗದಗಳ ಕೆಳಗೆ ಇಟ್ಟಳು. ಜೊಂಗ್‌ರಾನ್ ಅವತ್ತೇ ಕೆಲಸ ಬಿಟ್ಟಳು.

ವಾರ ಕಳೆದ ಮೇಲೆ ಯೊನ್‌ಸುಕ್ ತೇಸೊಕ್‌ನ ಹೊಲಕ್ಕೆ ಹೋದಳು. ಅವನು ಬಾಗಿ ಕಳೆ ಕೀಳುತ್ತಿದ್ದ. ಅವಳು ತಲೆ ಬಾಗಿಸಿ ಬಹಳ ಹೊತ್ತು ನಿಂತಳು. ಅವನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

"ಕೊನೇಲಿ ಅವ್ವ ಏನಾದ್ರೂ ಅಂದ್ಲಾ?"

ಸಮಾಧಾನಕ್ಕೆ ಒಂದು ಮಾತು ಕಟ್ಟಿ ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ನಾಲಿಗೆಯ ತುದಿಗೆ ಬಂದೂ ಇತ್ತು.

"ಇಲ್ಲ. ಏನೂ ಅನ್ಲಿಲ್ಲ. ಕಣ್ಣೂ ಬಿಡ್ಲಿಲ್ಲ. ನಿಮ್ಮ ಮಾತು ಕೇಳಿಸ್ತೋ ಇಲ್ವೋ ನಂಗೆ ಗೊತ್ತಿಲ್ಲ."

ಅವನು ತಲೆಯಾಡಿಸಿ ಮತ್ತೆ ಬಾಗಿದ. ಸ್ವಲ್ಪ ಹೊತ್ತಿನ ಮೇಲೆ, ಬೂಟು ಹಾಕ್ಕೊಂಡಿಲ್ಲ ನೀವು, ಒದ್ದೆ ಐತೆ, ಬದುವಿನ್ ಮೇಲೆ ಹೋಗಿ ಎಂದ.

ಕುರ್ಚಿ ಬಿಡುತ್ತೇನೆಂದು ಅವಳು ಏಪ್ರಿಲ್‌ನಲ್ಲಿ ರಾಜೀನಾಮೆ ಬರೆದಳು. ಆಡಳಿತ ಮಂಡಳಿಯವರು ಬಂದು, ಈ ಕಾಲದಲ್ಲಿ ಇಂಥ ಜಾಗಕ್ಕೆ ಯಾರು ಬರ್ತಾರೆ ಎಂದು ಮುಖ ನೋಡಿದರು. ಯಾರೂ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಬರೆದ ಕಾಗದವನ್ನು ಹಿಂತೆಗೆದುಕೊಂಡಳು. ಬೇಸಿಗೆಯಲ್ಲಿ ಹಿತ್ತಲ ಗೋಡೆ ಒಡೆಸಿ ಒಂದು ಕಿರುಬಾಗಿಲು ಇಡಿಸಿದಳು. ಅದರಿಂದ ಆ ಕೊನೆಯ ಕೋಣೆಯ ಕಿಟಕಿಯವರೆಗೆ, ನೋಡಲು ಬಂದವರು ಅಂಗಳಕ್ಕೆ ಕಾಲಿಡದೆ ಹೋಗುವ ಹಾಗೆ, ಎರಡೂ ಬದಿ ತಡಿಕೆ ಕಟ್ಟಿಸಿದಳು. ತಾಲ್ಲೂಕು ಕಚೇರಿಗೆ ಅಲೆದು ಅಲೆದು ಅದಕ್ಕೆ ಒಪ್ಪಿಗೆಯ ಮುದ್ರೆ ಹಾಕಿಸಿಕೊಂಡಳು. ಅಲ್ಲಿ ಅವಳು ದನಿ ಎತ್ತರಿಸಿ ಮಾತಾಡಿದ್ದನ್ನು ಆಗ ಮೊದಲ ಸಲ ಕೇಳಿದವರಿದ್ದಾರೆ.

ಸೆಪ್ಟೆಂಬರ್‌ನಲ್ಲಿ ಜೊಂಗ್‌ರಾನ್ ವಾಪಸು ಬಂದಳು. ಬೇರೆ ಕೆಲಸ ಸಿಕ್ಕಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಮೇಲಿನ ಅಜ್ಜಿಯರು ನೆನಪಾಗುತ್ತಿದ್ದರಂತೆ. ಡೈರೆಕ್ಟರ ಕೋಣೆಯಲ್ಲಿ ಕೂತು, ಕೊಟ್ಟ ಚಹಾ ಮುಟ್ಟದೆ, ಒಂದೇ ಮಾತು ಹೇಳಿದಳು.

"ಇನ್ನೊಂದ್ಸಲ ಮುಚ್ಚಿದ್ರೆ ನನ್ನ ಒಳಗೆ ಕರೀಬೇಡಿ. ನೀವು ಕರೆದ್ರೆ ನಾನು ಬಂದ್ಬಿಡ್ತೀನಿ. ಅದಕ್ಕೇ ಕರೀಬೇಡಿ ಅಂತಿರೋದು."

"ಆಯ್ತು," ಎಂದಳು ಯೊನ್‌ಸುಕ್. "ನಿಮ್ಮನ್ನ ಕರೆಯಲ್ಲ."

ಡಿಸೆಂಬರ್‌ನಲ್ಲಿ ಪಕ್ಕದ ಪಟ್ಟಣದಲ್ಲಿ ರೋಗ ಕಾಣಿಸಿಕೊಂಡು ಸೋಲ್‌ಬಾತ್ ಮತ್ತೆ ಮುಚ್ಚಿತು. ಈ ಸಲ ಅವಳು ಬಂದ ಆದೇಶವನ್ನು ಗೋಡೆಗೆ ಅಂಟಿಸಿ, ಹೊರಗುಳಿಯುವವರ ಹೆಸರು ಮೊದಲು ಬರೆಯಿರಿ ಎಂದಳು. ಅವುಗಳಲ್ಲಿ ಜೊಂಗ್‌ರಾನ್ ಹೆಸರನ್ನು ತಾನೇ ಬರೆದಳು. ಒಳಗೆ ಹನ್ನೊಂದು ಜನ ಉಳಿದರು, ಮತ್ತೆ ಒಬ್ಬರು ಕಡಿಮೆ. ಮೂರನೆಯ ದಿನದ ಹೊತ್ತಿಗೆ ಮೇಲಿನ ಅಂತಸ್ತಿನ ಇಬ್ಬರು ಅಜ್ಜಿಯರು ಊಟ ಬಿಟ್ಟರು. ಯೊನ್‌ಸುಕ್ ಫೋನಿನಲ್ಲಿ ಜೊಂಗ್‌ರಾನ್ ಹೆಸರು ಹುಡುಕಿದಳು, ಅದನ್ನೇ ನೋಡುತ್ತ ಮೆಟ್ಟಿಲ ಮೇಲೆ ನಿಂತಳು. ಹೇಳಬೇಕಾದ ಮೊದಲ ವಾಕ್ಯವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು, ಮೆತ್ತಗಿನ, ಯಾರೂ ಇಲ್ಲವೆನ್ನಲಾಗದ ವಾಕ್ಯ. ಫೋನನ್ನು ಜೇಬಿಗೆ ಹಾಕಿಕೊಂಡಳು. ಕೆಳಗಿಳಿದು ಬೊಂಗ್‌ಸುನ್ ಕೈಯಿಂದ ಗಂಜಿಯ ಬಟ್ಟಲು ಇಸಕೊಂಡು ಮೇಲೆ ಹೋದಳು, ಬಾಯಿ ಬಿಗಿದ ಅಜ್ಜಿಯ ಮುಂದೆ ಕೂತು ಚಮಚ ಎತ್ತಿದಳು. ಮೊದಲ ಚಮಚ ಅವಳ ಏಪ್ರನ್ನಿನ ಮೇಲೆ ಬಿತ್ತು. ಒರೆಸಿಕೊಂಡು, ಎರಡನೆಯದನ್ನು ಎತ್ತಿದಳು.